ಸಮುದ್ರದ ಭಯ, ಹೊಟ್ಟೆಯ ಪಾಡು, ಮನೆಯವರ ಮುನಿಸು: ಮೊದಲ 113 ಕಿಲೋಮೀಟರ್‌ಗೆ ತಯಾರಿ

ಹೋದ ಸಂಚಿಕೆಯಲ್ಲಿ ಗೋವಾದ ಟ್ರಯಥ್ಲಾನ್ ಬಗ್ಗೆ ಹತ್ತು ಸಾಲು ಬರೆದಿದ್ದೆ. ಅಷ್ಟಕ್ಕೇ ಪುಣೆ, ಡೊಂಬಿವಲಿ, ಮುಲುಂಡ್, ವಾಸ್ಕೋ ಅಂತ ಎಲ್ಲ ಕಡೆಯಿಂದ ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಹೊಸದಾಗಿ ಓದುವವರಿಗೆ ಒಂದು ಮಾತು. 2019ರಿಂದ ಪಣಜಿಯ ಮಿರಾಮಾರ್‌ನಲ್ಲಿ ಐರನ್‌ಮ್ಯಾನ್ 70.3 ಅನ್ನುವ ಟ್ರಯಥ್ಲಾನ್ ನಡೆಯುತ್ತಿದೆ. ಕೋವಿಡ್‌ನಿಂದ ಎರಡು ವರ್ಷ ನಿಂತಿತ್ತು, ಅಷ್ಟೇ. ಅಕ್ಟೋಬರ್ ಇಲ್ಲವೇ ನವೆಂಬರ್‌ನಲ್ಲಿ ಇರುತ್ತದೆ. ಸಮುದ್ರದಲ್ಲಿ 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲ್, ಅದಾದ ಮೇಲೆ 21.1 ಕಿ.ಮೀ. ಓಟ. ಬಟ್ಟೆ ಬದಲಿಸುವಾಗಲೂ ಗಡಿಯಾರ ನಿಲ್ಲುವುದಿಲ್ಲ. ಒಟ್ಟು 113 ಕಿ.ಮೀ., ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. ನಾನು 46ನೇ ವಯಸ್ಸಿನಲ್ಲಿ ಅದನ್ನು ಮುಗಿಸಿದೆ, ಕೊನೆಯ ಗುಂಪಿನಲ್ಲಿ. ನಾನು ಕೋಚ್ ಅಲ್ಲ, ಡಾಕ್ಟರೂ ಅಲ್ಲ. ಮಾಡಿ, ತಪ್ಪಿ, ಮತ್ತೆ ಮಾಡಿ ಕಲಿತದ್ದನ್ನು ಹೇಳುತ್ತೇನೆ.

ಅಕ್ಕ, ನನಗೆ 41. ಬ್ಯಾಂಕ್ ಕೆಲಸ, ಕೊತ್ರೂಡ್‌ನಲ್ಲಿ ಮನೆ. ಹೋದ ವರ್ಷ ಹಾಫ್ ಮ್ಯಾರಥಾನ್ ಓಡಿದ್ದೇನೆ, 2 ಗಂಟೆ 20 ನಿಮಿಷ. ಕೊಳದಲ್ಲಿ ಈಜು ಬರುತ್ತೆ, ಆದರೆ ನಾಲ್ಕು ಲ್ಯಾಪ್‌ಗೆ ಏದುಸಿರು. ಸಮುದ್ರ ನೋಡಿದರೆ ಕಾಲು ನಡುಗುತ್ತೆ. ಮುಂದಿನ ವರ್ಷ ಗೋವಾ ಮುಗಿಸಬೇಕು ಅಂತ ಆಸೆ. ಆಗುತ್ತಾ? ಎಲ್ಲಿಂದ ಶುರು ಮಾಡಲಿ?
(ಓದುಗರು, ಪುಣೆ)

ಆಗುತ್ತೆ. ಒಂದು ವರ್ಷ ಕೈಯಲ್ಲಿದೆ, ಓಟ ಆಗಲೇ ಕಾಲಲ್ಲಿದೆ. ಶುರು ಮಾಡಬೇಕಾದ್ದು ಈಜಿನಿಂದ, ಈ ವಾರದಿಂದಲೇ.

ನಾಲ್ಕು ಲ್ಯಾಪ್‌ಗೆ ಏದುಸಿರು ಬರುವುದಕ್ಕೆ ಕಾರಣ ದಮ್ಮು ಕಡಿಮೆ ಇರುವುದಲ್ಲ. 21 ಕಿ.ಮೀ. ಓಡಿದವರಿಗೆ ದಮ್ಮು ಇಲ್ಲ ಅಂತ ಹೇಗೆ ಹೇಳುವುದು? ನೀವು ನೀರಿನೊಳಗೆ ಉಸಿರು ಬಿಗಿಹಿಡಿಯುತ್ತಿದ್ದೀರಿ. ಹೆಚ್ಚುಕಡಿಮೆ ಎಲ್ಲರೂ ಮಾಡುವ ತಪ್ಪು ಇದು. ಮುಖ ಮೇಲೆ ಬಂದಾಗ ಸಿಗುವುದು ಅರ್ಧ ಸೆಕೆಂಡು. ಹಳೇ ಉಸಿರು ಬಿಡುವುದು, ಹೊಸದು ಎಳೆಯುವುದು, ಎರಡೂ ಅಷ್ಟರಲ್ಲಿ ಆಗಬೇಕು ಅಂದರೆ ಆಗುವುದಿಲ್ಲ. ಹಳೆಯದು ಒಳಗೇ ಉಳಿಯುತ್ತದೆ, ಎದೆ ಬಿಗಿಯುತ್ತದೆ, ಆಗ ಕೈಕಾಲು ಜೋರಾಗಿ ಬಡಿಯುತ್ತೀರಿ. ಸುಸ್ತಾಗುವುದು ಅದರಿಂದ. ಅದಕ್ಕೇ ಮೊದಲ ಎರಡು ವಾರ ದೂರದ ಲೆಕ್ಕ ಬಿಟ್ಟುಬಿಡಿ. ಕೊಳದ ಅಂಚು ಹಿಡಿದು ನಿಂತು, ಮುಖ ನೀರಿನಲ್ಲಿಟ್ಟು, ಮೂಗು ಬಾಯಿ ಎರಡರಿಂದಲೂ ನಿಧಾನವಾಗಿ ಗುಳ್ಳೆ ಬಿಡಿ. ಪೂರ್ತಿ ಖಾಲಿಯಾದ ಮೇಲೆ ಮುಖ ಪಕ್ಕಕ್ಕೆ ತಿರುಗಿಸಿ. ಆಗ ಗಾಳಿ ತಾನಾಗಿ ಒಳಗೆ ಬರುತ್ತೆ, ಎಳೆಯಬೇಕಾಗಿಲ್ಲ. ಅದು ಒಮ್ಮೆ ಮೈಗೆ ಹತ್ತಿತು ಅಂದರೆ ನಾಲ್ಕು ಲ್ಯಾಪ್ ನಲವತ್ತಾಗಲು ಎರಡು ಮೂರು ತಿಂಗಳು ಸಾಕು.

25 ಮೀಟರ್ ಕೊಳದಲ್ಲಿ 1.9 ಕಿ.ಮೀ. ಅಂದರೆ 76 ಲ್ಯಾಪ್. ಈಜಿಗೆ ಕಟ್‌ಆಫ್, ಅಂದರೆ ಗಡುವು, 1 ಗಂಟೆ 10 ನಿಮಿಷ. 100 ಮೀಟರ್‌ಗೆ ಮೂರು ನಿಮಿಷ ನಲವತ್ತು ಸೆಕೆಂಡು ತಗೊಂಡರೂ ಹೆಚ್ಚುಕಡಿಮೆ ಒಳಗೆ ಬರುತ್ತೀರಿ. ನೀವು ಮೂರು ನಿಮಿಷದ ಗುರಿ ಇಟ್ಟುಕೊಳ್ಳಿ. 57 ನಿಮಿಷಕ್ಕೆ ದಡ. ಅದು ವೇಗವೇ ಅಲ್ಲ, ಆರಾಮಾಗಿ ಈಜುವವರ ಲೆಕ್ಕ.

ಇನ್ನು ಸಮುದ್ರ. ನನ್ನ ಕಥೆ ಹೇಳುತ್ತೇನೆ. ನಾನು ಕೊಳದಲ್ಲಿ ಎರಡು ಕಿಲೋಮೀಟರ್ ಸಲೀಸಾಗಿ ಈಜುತ್ತಿದ್ದೆ. ಮಿರಾಮಾರ್‌ನಲ್ಲಿ ನೀರಿಗೆ ಇಳಿದು ಇನ್ನೂರು ಮೀಟರ್ ಆಗಿರಬೇಕು, ಮುಂದಿದ್ದವರ ಹಿಮ್ಮಡಿ ನನ್ನ ಗಾಗಲ್ಸ್‌ಗೆ ಬಡಿಯಿತು. ಎಡಗಣ್ಣಿನೊಳಗೆ ಉಪ್ಪುನೀರು. ಕೆಳಗೆ ನೋಡಿದರೆ ಮಣ್ಣುಬಣ್ಣ, ನನ್ನ ಕೈಯೇ ನನಗೆ ಕಾಣುತ್ತಿಲ್ಲ. ಕೊಳದ ತಳದಲ್ಲಿ ಇರುತ್ತದಲ್ಲ ಕಪ್ಪು ಗೆರೆ, ಅದು ಇಲ್ಲದಿದ್ದರೆ ಮನಸ್ಸಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ. ಎದೆ ಡವಡವ. ಕೈ ಎತ್ತಿದೆ, ಕಯಾಕ್‌ನ (ಕಾವಲಿನ ಪುಟ್ಟ ದೋಣಿಯ) ಹುಡುಗ ಬಂದ, ಅದರ ಮೂತಿ ಹಿಡಿದುಕೊಂಡೆ. 'ಆಂಟಿ, ಹಿಡಿದುಕೊಂಡಿರಿ, ಏನೂ ಅವಸರ ಇಲ್ಲ' ಅಂತ ಹಿಂದಿಯಲ್ಲಿ ಹೇಳಿದ. ಗಾಗಲ್ಸ್ ನೀರು ಚೆಲ್ಲಿ, ಇಪ್ಪತ್ತು ಉಸಿರು ಎಣಿಸಿ, ಮತ್ತೆ ಹೊರಟೆ. ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ಕಯಾಕ್ ಹಿಡಿದು ಸುಧಾರಿಸಿಕೊಳ್ಳಬಹುದು, ಅದು ನಿಮ್ಮನ್ನು ಮುಂದಕ್ಕೆ ಎಳೆದುಕೊಂಡು ಹೋಗಬಾರದು, ಅಷ್ಟೇ. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಭಯ ಹೋಗುತ್ತೆ.

ಆದ್ದರಿಂದ ಮೊದಲು ಅಂಗಾತ ತೇಲುವುದನ್ನು ಕಲಿಯಿರಿ. ಹೆದರಿಕೆಯಾದಾಗ ಮೈ ತಿರುಗಿಸಿ ಆಕಾಶ ನೋಡುತ್ತಾ ಮಲಗಲು ಬರಬೇಕು. ಉಪ್ಪುನೀರು ಕೊಳದ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ, ಅದು ನಿಮ್ಮ ಪರವಾಗಿದೆ. ಆಮೇಲೆ ದಿಕ್ಕು ನೋಡುವುದು. ಆರೇಳು ಸಲ ಕೈ ಬೀಸಿದ ಮೇಲೆ ಒಮ್ಮೆ, ಮೊಸಳೆಯ ಹಾಗೆ ಕಣ್ಣು ಮಾತ್ರ ನೀರಿನ ಮೇಲೆ ತಂದು ದಾರಿ ತೋರಿಸಲು ಎದುರಿಗೆ ಬಿಟ್ಟಿರುವ ತೇಲುಬುರುಡೆ ನೋಡಬೇಕು. ತಲೆ ಪೂರ್ತಿ ಎತ್ತಿದರೆ ಕಾಲು ಮುಳುಗುತ್ತದೆ. ಇದನ್ನು ಕೊಳದಲ್ಲೇ ಅಭ್ಯಾಸ ಮಾಡಬಹುದು.

ಸಮುದ್ರದ ಅಭ್ಯಾಸಕ್ಕೆ ಒಂದು ತೊಡಕಿದೆ, ಪುಣೆಯವರು ಇದನ್ನು ಮೊದಲೇ ಲೆಕ್ಕ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ, ಗೋವಾದಲ್ಲಿ ಕೆಂಪು ಬಾವುಟ ಹಾಕಿರುತ್ತಾರೆ. ಸ್ಪರ್ಧೆ ಮಳೆಗಾಲ ಮುಗಿದ ತಕ್ಷಣ. ಅಂದರೆ ಸಮುದ್ರದ ಪರಿಚಯ ನಿಮಗೆ ಮೇ ತಿಂಗಳೊಳಗೇ ಆಗಬೇಕು. ಡಿಸೆಂಬರ್‌ನಲ್ಲಿ ಮಾಲ್ವಣದ ಚಿವಲಾ ಬೀಚ್‌ನಲ್ಲಿ ಸಮುದ್ರ ಈಜಿನ ಸ್ಪರ್ಧೆ ನಡೆಯುತ್ತದೆ, ಸಣ್ಣ ದೂರದ ವಿಭಾಗಗಳೂ ಇರುತ್ತವೆ. ಅಂಥ ಕಡೆ, ಸುತ್ತ ದೋಣಿ, ಕಾವಲಿನವರು ಇರುವಾಗ ಮೊದಲ ಸಲ ಇಳಿಯಿರಿ. ಖಡಕ್‌ವಾಸ್ಲಾ ಹತ್ತಿರ ಇದೆ ಅಂತ ಸುಮ್ನೆ ಅಲ್ಲಿ ಹೋಗಿ ಇಳಿಯಬೇಡಿ, ದಯವಿಟ್ಟು. ಅಣೆಕಟ್ಟಿನ ನೀರಲ್ಲಿ ಕೆಸರು, ದಿಢೀರ್ ಆಳ, ಕಾಪಾಡಲು ಯಾರೂ ಇಲ್ಲ. ಪ್ರತಿ ವರ್ಷ ಅಲ್ಲಿ ಜೀವ ಹೋದ ಸುದ್ದಿ ಓದುತ್ತೇವೆ.

ವೆಟ್‌ಸೂಟ್‌ಗೆ (ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು) ದುಡ್ಡು ಹಾಕಬೇಡಿ. ನೀರು 24.5 ಡಿಗ್ರಿಗಿಂತ ಬೆಚ್ಚಗಿದ್ದರೆ ಅದನ್ನು ಹಾಕಿಕೊಂಡವರನ್ನು ಬಹುಮಾನಕ್ಕೆ ಲೆಕ್ಕ ಹಿಡಿಯುವುದಿಲ್ಲ, ಗೋವಾದ ಕಡಲು ಆ ಹೊತ್ತಿಗೆ ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. ಹಾಕಿಕೊಂಡರೆ ಒಳಗೇ ಬೆಂದುಹೋಗುತ್ತೀರಿ.

ವಾರದ ಲೆಕ್ಕ ಹೀಗಿರಲಿ: ಈಜು ಮೂರು ದಿನ, ಸೈಕಲ್ ಎರಡರಿಂದ ಮೂರು ದಿನ, ಓಟ ಎರಡರಿಂದ ಮೂರು ದಿನ. ಶುರುವಿಗೆ ಐದು ಗಂಟೆ, ಕೊನೆಯ ಮೂರು ತಿಂಗಳು ಎಂಟರಿಂದ ಹತ್ತು ಗಂಟೆ. ಪ್ರತಿ ನಾಲ್ಕನೇ ವಾರ ಕಡಿಮೆ ಮಾಡಿ, ಮೈಗೆ ಬಿಡುವು ಬೇಕು. ಭಾನುವಾರದ ಉದ್ದದ ಸವಾರಿಗೆ ಪೌಡ್ ರಸ್ತೆಯಲ್ಲಿ ಮುಳಶಿ ಕಡೆ ಹೋಗಿ ಬನ್ನಿ. ಬಂದು ಸೈಕಲ್ ಗೋಡೆಗೆ ಒರಗಿಸಿ, ಕೂರದೆ, ಶೂ ಬದಲಿಸಿ ಇಪ್ಪತ್ತು ನಿಮಿಷ ಓಡಿ. ಇದಕ್ಕೆ ಬ್ರಿಕ್ ಅಂತಾರೆ. ಮೊದಲ ಸಲ ಕಾಲು ನಿಮ್ಮದಲ್ಲ ಅನ್ನಿಸುತ್ತೆ, ಮರದ ಕೊರಡಿನ ಹಾಗೆ. ಏಳೆಂಟು ಸಲ ಮಾಡಿದ ಮೇಲೆ ಅದು ಹತ್ತು ನಿಮಿಷದಲ್ಲಿ ಬಿಡುತ್ತದೆ.

ಮುಖ್ಯವಾದ್ದು ಇದು. ಬಹುಪಾಲು ತರಬೇತಿ, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ನಿಧಾನವಾಗಿರಬೇಕು. ಮಾತು ತುಂಡಾಯಿತು ಅಂದರೆ ಜಾಸ್ತಿ ಆಯಿತು. ಕೈಯ ಸ್ಮಾರ್ಟ್ ಗಡಿಯಾರ ಏನೇ ಹೇಳಲಿ, ಈ ಅಳತೆ ಸಾಕು. ವಾರಕ್ಕೆ ಒಂದೆರಡು ದಿನ ಜೋರು ಮಾಡಿ, ಉಳಿದ ದಿನ ತಡೆದುಕೊಳ್ಳಿ. ನನ್ನ ಜೊತೆ ಶುರು ಮಾಡಿದವರಲ್ಲಿ ಬಿಟ್ಟವರೆಲ್ಲ ದಿನಾ ಜೋರಾಗಿ ಓಡಿ ಮೊಣಕಾಲು ಕೆಡಿಸಿಕೊಂಡವರು. ನಿಧಾನ ಇದ್ದ ಒಬ್ಬರೂ ಬಿಟ್ಟಿಲ್ಲ.

ನಿಮ್ಮ ದಿನದ ಲೆಕ್ಕ ಹಾಕಿ ನೋಡಿದೆ. ಈಜು 57 ನಿಮಿಷ, ಬಟ್ಟೆ ಬದಲಿಸಲು ಹತ್ತು. ಸೈಕಲ್ ಗಂಟೆಗೆ 22 ಕಿ.ಮೀ. ಅಂದರೆ 4 ಗಂಟೆ 5 ನಿಮಿಷ, ಶೂ ಹಾಕಲು ಐದು. ಇಲ್ಲಿಗೆ 5 ಗಂಟೆ 17 ನಿಮಿಷ. ಈಜು ಶುರುವಾದಾಗಿನಿಂದ ಸೈಕಲ್ ಮುಗಿಸುವವರೆಗೆ ಸಾಮಾನ್ಯವಾಗಿ ಐದೂವರೆ ಗಂಟೆಯ ಗಡುವು ಇರುತ್ತದೆ, ಅದರೊಳಗೆ ಬಂದಿರಿ. ಓಟ, ನಡೆದೂ ಓಡಿಯೂ, 2 ಗಂಟೆ 50 ನಿಮಿಷ. ಒಟ್ಟು 8 ಗಂಟೆ 7 ನಿಮಿಷ. ಕೈಯಲ್ಲಿ 23 ನಿಮಿಷ ಉಳಿದಿದೆ. ಗಡುವು ವರ್ಷಕ್ಕೆ, ಜಾಗಕ್ಕೆ ಸ್ವಲ್ಪ ಬದಲಾಗಬಹುದು, ಸ್ಪರ್ಧೆ ನಡೆಸುವವರು ಕಳಿಸುವ ಕೈಪಿಡಿ ನೋಡಿಕೊಳ್ಳಿ.

ಆದರೆ ಇನ್ನೊಂದು ನೋಡಿ. ಬೆಳಗ್ಗೆ ಏಳಕ್ಕೆ ನೀರಿಗೆ ಇಳಿದರೂ ನಿಮ್ಮ ಓಟ ಶುರುವಾಗುವುದು ಹನ್ನೆರಡೂ ಕಾಲಿಗೆ. ಗೋವಾದ ನಡುಹಗಲು. ಪುಣೆಯ ತಂಪಿನಲ್ಲಿ ಬೆಳಗ್ಗೆ ಐದಕ್ಕೇ ಓಡಿ ಅಭ್ಯಾಸವಾದವರಿಗೆ ಅಲ್ಲಿ ಬೆವರು ಆರುವುದೇ ಇಲ್ಲ, ಗಾಳಿಯಲ್ಲಿ ಅಷ್ಟು ತೇವ. ಮೈ ಬಿಸಿಲಿಗೆ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು. ಕೊನೆಯ ತಿಂಗಳಲ್ಲಿ ಕೆಲವು ಓಟ ಹನ್ನೊಂದು ಗಂಟೆಗೆ ಮಾಡಿ, ಚಿಕ್ಕದಾಗಿ, ನೀರು ಜೊತೆಗಿಟ್ಟುಕೊಂಡು.

70.3, 1.9, 21.1... ಇದೆಂಥ ಅಂಕಿಗಳು? ಸರಿಯಾಗಿ 2, 100, 20 ಅಂತ ಇಟ್ಟಿದ್ದರೆ ಆಗುತ್ತಿರಲಿಲ್ವಾ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಪಿಂಪ್ರಿ)

ಮೈಲಿಯ ಲೆಕ್ಕ. ಮೂರೂ ಸೇರಿ 70.3 ಮೈಲಿ. ಇದು ಪೂರ್ತಿ ದೂರದ ಅರ್ಧ. ಪೂರ್ತಿ ಐರನ್‌ಮ್ಯಾನ್ ಅಂದರೆ 3.8 ಕಿ.ಮೀ. ಈಜು, 180 ಸೈಕಲ್, 42.2 ಓಟ. ಹವಾಯಿಯ ಓಆಹು ದ್ವೀಪದಲ್ಲಿ ಆಗಲೇ ಮೂರು ಬೇರೆ ಬೇರೆ ಸ್ಪರ್ಧೆ ಇದ್ದವು: ವೈಕಿಕಿಯ ಸಮುದ್ರ ಈಜು, ದ್ವೀಪ ಸುತ್ತುವ ಸೈಕಲ್ ಸವಾರಿ, ಹೊನೊಲುಲು ಮ್ಯಾರಥಾನ್. ಈಜುಗಾರರು ಗಟ್ಟಿಗರಾ, ಓಟಗಾರರು ಗಟ್ಟಿಗರಾ ಅಂತ ವಾದ ಹುಟ್ಟಿ, ಜಾನ್ ಮತ್ತು ಜೂಡಿ ಕಾಲಿನ್ಸ್ ದಂಪತಿ ಮೂರನ್ನೂ ಒಂದೇ ದಿನಕ್ಕೆ ಸೇರಿಸಿದರು. 1978ರ ಫೆಬ್ರವರಿ 18. ಹೊರಟವರು 15 ಜನ, ಮುಗಿಸಿದವರು 12. ಆ ಊರಿನ ರಸ್ತೆ, ಆ ಊರಿನ ಕಡಲು ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟು. ಅದೇ ಇವತ್ತಿಗೂ ಉಳಿದಿದೆ.

ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್‌ಗೆ ದಿನಾ ಲೋಕಲ್ ರೈಲು. ಮನೆ ಬಿಡುವುದು ಏಳೂವರೆಗೆ, ಮುಟ್ಟುವುದು ರಾತ್ರಿ ಎಂಟೂವರೆಗೆ. ಮೇಲಿಂದ ಮಳೆಗಾಲ. ತರಬೇತಿಗೆ ಸಮಯ ಎಲ್ಲಿಂದ ತರಲಿ?
(ಓದುಗರು, ಡೊಂಬಿವಲಿ)

ನಿಮ್ಮ ಪತ್ರ ಓದುವಾಗಲೇ ನನಗೆ ಸುಸ್ತಾಯಿತು. ಲೋಕಲ್‌ನಲ್ಲಿ ನಿಂತು ಹೋಗುವುದೂ ಒಂದು ಶ್ರಮವೇ, ಅದನ್ನು ಲೆಕ್ಕಕ್ಕೆ ಹಿಡಿಯದೆ ಯಾವುದೋ ವಿದೇಶಿ ವೇಳಾಪಟ್ಟಿ ಹಿಡಿದುಕೊಂಡರೆ ಜ್ವರ ಬಂದು ಮಲಗುತ್ತೀರಿ. ನಿಮಗೆ ವಾರಕ್ಕೆ ಆರು ಗಂಟೆ ಸಾಕು, ಆದರೆ ಒಂದು ವರ್ಷದ ಬದಲು ಒಂದೂವರೆ ವರ್ಷ ಇಟ್ಟುಕೊಳ್ಳಿ. ವಾರದ ನಡುವೆ ಮೂರು ಬೆಳಗ್ಗೆ, ತಲಾ ಐವತ್ತು ನಿಮಿಷ: ಎರಡು ಈಜು, ಒಂದು ಓಟ. ಪಾಲಿಕೆಯ ಈಜುಕೊಳದ ಮೊದಲ ಬ್ಯಾಚ್ ಹಿಡಿಯಿರಿ. ಶನಿವಾರ ಓಟ, ಭಾನುವಾರ ಸೈಕಲ್. ಉಳಿದ ಎರಡು ದಿನ ನಿದ್ದೆ. ನಿದ್ದೆಗೆ ಕತ್ತರಿ ಹಾಕಿ ತರಬೇತಿ ಮಾಡಬೇಡಿ. ಮೈ ಗಟ್ಟಿಯಾಗುವುದು ಮಲಗಿದಾಗ.

ಮಳೆಗಾಲದ ಬಗ್ಗೆ ಎಲ್ಲರಿಗೂ ಹೇಳುತ್ತೇನೆ. ಅಕ್ಟೋಬರ್, ನವೆಂಬರ್‌ನ ಸ್ಪರ್ಧೆ ಅಂದರೆ ಗಟ್ಟಿ ತರಬೇತಿ ಬೀಳುವುದು ಜುಲೈ, ಆಗಸ್ಟ್‌ನಲ್ಲಿ. ಮುಂಬೈ ರಸ್ತೆಯಲ್ಲಿ ಆಗ ನೀರು ನಿಂತ ಗುಂಡಿ ಯಾವುದು, ರಸ್ತೆ ಯಾವುದು ಗೊತ್ತಾಗುವುದಿಲ್ಲ. ಕಲ್ಯಾಣ್ ಶೀಳ್ ರಸ್ತೆಯಲ್ಲಿ ಲಾರಿಗಳ ನಡುವೆ ಸೈಕಲ್ ಹೊಡೆಯುವುದು ಬೇಡ. ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಂದಿನ ಚಕ್ರಕ್ಕೆ ಸಿಕ್ಕಿಸುವ ಟ್ರೈನರ್ ಹಳೆಯದು ಸಿಗುತ್ತದೆ, ಕೊಳ್ಳಿ. ಹಾಲ್‌ನಲ್ಲಿ ಫ್ಯಾನ್ ಎದುರಿಗೆ ಇಟ್ಟುಕೊಂಡು ಒಂದೂವರೆ ಗಂಟೆ ತುಳಿದರೆ ಹೊರಗಿನ ಎರಡು ಗಂಟೆಗೆ ಸಮ, ಯಾಕಂದರೆ ಸಿಗ್ನಲ್ ಇಲ್ಲ, ಇಳಿಜಾರಿಲ್ಲ, ಕಾಲು ನಿಲ್ಲುವುದೇ ಇಲ್ಲ. ಕೆಳಗೆ ಹಳೇ ಚಾದರ ಹಾಸಿ, ಬೆವರು ಸುರಿಯುತ್ತದೆ, ಕೆಳಮನೆಯವರಿಗೂ ಸದ್ದು ಕಡಿಮೆ. ಮಳೆ ಬಿಟ್ಟ ಭಾನುವಾರ ನಸುಕಿನಲ್ಲಿ ನವಿ ಮುಂಬೈಯ ಪಾಮ್ ಬೀಚ್ ರಸ್ತೆಗೆ ಹೋಗಿ. ಆ ಹೊತ್ತಿಗೆ ಅಲ್ಲಿ ಸೈಕಲ್‌ನವರು ಸಿಗುತ್ತಾರೆ, ಒಂಟಿಯಾಗಿ ಹೋಗುವುದಕ್ಕಿಂತ ಅದು ಒಳ್ಳೆಯದು.

ಓಡುವಾಗ ಶಕ್ತಿಗೆ ಅಂತ ಸಿಹಿ ಜೆಲ್ ಮಾರುತ್ತಾರಲ್ಲ, ಒಂದು ಬಾಯಿಗೆ ಹಾಕಿದರೆ ವಾಂತಿ ಬಂದ ಹಾಗಾಗುತ್ತೆ. ನಾನು ಸಸ್ಯಾಹಾರಿ. ಮನೆ ತಿಂಡಿಯಲ್ಲೇ ಆಗಲ್ವಾ ಅಕ್ಕ?
(ಓದುಗರು, ಗೋರೆಗಾಂವ್)

ಆಗುತ್ತೆ, ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಇದರಲ್ಲಿ ಎಡವಿದವರು ಓಟದಲ್ಲಿ ರಸ್ತೆಬದಿ ಕೂತದ್ದನ್ನು ಕಣ್ಣಾರೆ ನೋಡಿದ್ದೇನೆ. ಕಾಲು ಗಟ್ಟಿ ಇತ್ತು, ಹೊಟ್ಟೆ ಖಾಲಿ ಇತ್ತು.

ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ಎರಡು ಮೂರು ಗಂಟೆಯ ಶ್ರಮಕ್ಕೆ ಮುಗಿಯುತ್ತ ಬರುತ್ತದೆ. ನೀವು ಇರುವುದು ಎಂಟು ಗಂಟೆ. ಹಾಗಾಗಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಬೇಕು. ಪಳಗಿದವರು 90ರವರೆಗೂ ತಗೊಳ್ಳುತ್ತಾರೆ, ನಮಗೆ ಅದು ಬೇಡ. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇದೆ. ಗಂಟೆಗೆ ಎರಡು ಬಾಳೆಹಣ್ಣು ಅಂದರೆ ಲೆಕ್ಕ ಮುಗಿಯಿತು, ಆದರೆ ನಾಲ್ಕು ಗಂಟೆ ಎಂಟು ಬಾಳೆಹಣ್ಣು ಯಾರ ಕೈಲಿ ತಿನ್ನಲಾಗುತ್ತೆ? ಅದಕ್ಕೇ ಅರ್ಧ ಕುಡಿಯಬೇಕು, ಅರ್ಧ ತಿನ್ನಬೇಕು.

ನಾನು ಮಾಡುವುದು ಹೇಳುತ್ತೇನೆ. 750 ಎಂ.ಎಲ್. ಬಾಟಲಿಗೆ ನಾಲ್ಕು ದೊಡ್ಡ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆ. ಸುಮಾರು 50 ಗ್ರಾಂ ಆಯಿತು. ಜೊತೆಗೆ ಸಣ್ಣ ಆಲೂಗಡ್ಡೆ ಬೇಯಿಸಿ, ಸಿಪ್ಪೆ ತೆಗೆದು, ಉಪ್ಪು ನಿಂಬೆಹಣ್ಣು ಸವರಿ ಪುಟ್ಟ ಡಬ್ಬಿಯಲ್ಲಿ. ಬೀಜ ತೆಗೆದ ಖರ್ಜೂರ. ಸಿಹಿ ಸಾಕಾಗಿ ಬಾಯಿ ಅಂಟಿದಾಗ ಆ ಆಲೂಗಡ್ಡೆ ಅಮೃತ. ಲೋಣಾವಳದ ಚಿಕ್ಕಿ ಚೆನ್ನಾಗಿರುತ್ತೆ ಅಂತ ಒಬ್ಬರು ಬರೆದಿದ್ದಾರೆ. ತರಬೇತಿ ಮುಗಿದ ಮೇಲೆ ತಿನ್ನಿ. ಶೇಂಗಾದ ಎಣ್ಣೆ ಅಂಶ ಕರಗಲು ಹೊತ್ತು ಹಿಡಿಯುತ್ತದೆ, ಓಡುವಾಗ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂರುತ್ತದೆ. ಹಾಲು, ಕರಿದದ್ದು, ಕಾಳು ಹಿಂದಿನ ರಾತ್ರಿಯೂ ಬೇಡ. ಬಿಳಿ ಅನ್ನ, ತೆಳು ಸಾರು, ಅಷ್ಟೇ.

ಸೈಕಲ್ ಮೇಲೆ ತಿನ್ನಿ. ಓಡುವಾಗ ಹೊಟ್ಟೆ ಕುಲುಕುತ್ತದೆ, ಏನೂ ಇಳಿಯುವುದಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು, ಅರ್ಧ ಗಂಟೆಗೊಮ್ಮೆ ಒಂದು ತುತ್ತು, ಹಸಿವಿರಲಿ ಬಿಡಲಿ. ಹಸಿವಾದ ಮೇಲೆ ತಿಂದರೆ ತಡವಾಯಿತು. ಓಟದಲ್ಲಿ ನೀರಿನ ಮೇಜಿನ ಹತ್ತಿರ ಕೋಲಾ ಕೊಟ್ಟರೆ ಎರಡು ಗುಟುಕು ಕುಡಿಯಿರಿ.

ಓಆರ್‌ಎಸ್ ಬಗ್ಗೆ ಮೂರು ಜನ ಕೇಳಿದ್ದಾರೆ. ಡಬ್ಲ್ಯೂಎಚ್‌ಒ ಸೂತ್ರದ ಪೊಟ್ಟಣದಲ್ಲಿ ಉಪ್ಪು ಚೆನ್ನಾಗಿದೆ, ಆದರೆ ಲೀಟರ್‌ಗೆ ಗ್ಲೂಕೋಸ್ ಬರೀ 13.5 ಗ್ರಾಂ. ಅದು ಬೇಧಿಯಾದವರಿಗೆ ಮಾಡಿದ್ದು. ಅದನ್ನೇ ನಂಬಿಕೊಂಡರೆ ಶಕ್ತಿ ಸಾಲದು.

ಎಷ್ಟು ನೀರು ಅಂತ ತಿಳಿಯಲು ಸುಲಭದ ದಾರಿ ಇದೆ. ಸವಾರಿಗೆ ಮುಂಚೆ ತೂಕ ನೋಡಿ, ಒಂದು ಗಂಟೆ ಬಿಟ್ಟು ಬಂದು ಮೈ ಒರೆಸಿಕೊಂಡು ಮತ್ತೆ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು, ನಡುವೆ ಕುಡಿದದ್ದನ್ನೂ ಅದಕ್ಕೆ ಸೇರಿಸಿ. ನನಗೆ ಪುಣೆಯ ಜನವರಿಯಲ್ಲಿ ಅರ್ಧ ಲೀಟರ್, ಗೋವಾದ ಅಕ್ಟೋಬರ್‌ನಲ್ಲಿ ಒಂದಕ್ಕಿಂತ ಜಾಸ್ತಿ. ಹೋದದ್ದಕ್ಕಿಂತ ಜಾಸ್ತಿ ಕುಡಿಯಬೇಡಿ. ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತೆ. ಅದು ಜೀವಕ್ಕೇ ಅಪಾಯ. ಇದೆಲ್ಲ ಸ್ಪರ್ಧೆಯ ದಿನ ಮೊದಲ ಸಲ ಮಾಡುವುದಲ್ಲ. ಪ್ರತಿ ಭಾನುವಾರ ಕಾಲಿನ ಜೊತೆ ಹೊಟ್ಟೆಗೂ ತರಬೇತಿ ಕೊಡಿ.

ನನಗೆ 52, ಶುಗರ್ ಮಾತ್ರೆ ತಗೊಳ್ಳುತ್ತೇನೆ, ಬಿಪಿ ಹತೋಟಿಯಲ್ಲಿದೆ. ನಟ ಮಿಲಿಂದ್ ಸೋಮಣ್ 50ರಲ್ಲಿ ಐರನ್‌ಮ್ಯಾನ್ ಮಾಡಿದರು ಅಂತ ಓದಿದೆ. ನಾನೂ ಮಾಡಬಹುದಾ?
(ಓದುಗರು, ಠಾಣೆ)

ಸೋಮಣ್ ಅವರು 2015ರಲ್ಲಿ ಜ್ಯೂರಿಕ್‌ನಲ್ಲಿ ಪೂರ್ತಿ ದೂರವನ್ನು 15 ಗಂಟೆ 19 ನಿಮಿಷಕ್ಕೆ ಮುಗಿಸಿದರು, ನಿಜ, 50 ತುಂಬಲು ಆಗ ಕೆಲವೇ ತಿಂಗಳಿತ್ತು. ಆದರೆ ಅವರು ಹುಡುಗರಾಗಿದ್ದಾಗಲೇ ರಾಷ್ಟ್ರಮಟ್ಟದ ಈಜು ಚಾಂಪಿಯನ್. ಅವರ 50 ಮತ್ತು ನಮ್ಮ 50 ಒಂದೇ ಅಲ್ಲ.

ನೀವು ಮೊದಲು ಹೋಗಬೇಕಾದ್ದು ಹೃದಯದ ಡಾಕ್ಟರ ಹತ್ತಿರ. ಟ್ರಯಥ್ಲಾನ್‌ನಲ್ಲಿ ಆದ ಸಾವುಗಳಲ್ಲಿ ಹೆಚ್ಚಿನವು ಈಜಿನ ಹೊತ್ತಿನಲ್ಲೇ ಆಗಿವೆ, ಹೆಚ್ಚಾಗಿ ನಡುವಯಸ್ಸಿನ ಗಂಡಸರಲ್ಲಿ. ಹೆದರಿಸಲು ಹೇಳುತ್ತಿಲ್ಲ, ನೀವು ಚೆನ್ನಾಗಿರಲಿ ಅಂತ ಹೇಳುತ್ತಿದ್ದೇನೆ. ಏನು ಮಾಡಬೇಕು ಅಂತಿದ್ದೀರಿ ಅನ್ನುವುದನ್ನು ಪೂರ್ತಿ ಹೇಳಿ, ಬರೀ 'ವಾಕಿಂಗ್ ಮಾಡ್ತೀನಿ' ಅನ್ನಬೇಡಿ. ಯಾವ ಪರೀಕ್ಷೆ ಬೇಕು ಅಂತ ಅವರು ನಿರ್ಧರಿಸಲಿ. ಕೆಲವು ಶುಗರ್ ಮಾತ್ರೆಗಳಿಂದ ಉದ್ದದ ಶ್ರಮದಲ್ಲಿ ಸಕ್ಕರೆ ದಿಢೀರ್ ಇಳಿಯುತ್ತದೆ, ಮಾತ್ರೆಯ ಹೊತ್ತು, ಪ್ರಮಾಣ ಅವರನ್ನೇ ಕೇಳಿ. ಜೇಬಿನಲ್ಲಿ ಯಾವಾಗಲೂ ಗ್ಲೂಕೋಸ್ ಇರಲಿ. ಅವರು ಸರಿ ಅಂದರೆ ಒಂದು ವರ್ಷ ಸಣ್ಣ ದೂರ ಮಾಡಿ. ಒಲಿಂಪಿಕ್ಸ್‌ನಲ್ಲಿ ಇರುವುದೇ 1.5 ಕಿ.ಮೀ. ಈಜು, 40 ಸೈಕಲ್, 10 ಓಟ. ಅದನ್ನು ಮುಗಿಸಿದರೂ ದೊಡ್ಡ ಸಾಧನೆಯೇ. ಆಮೇಲೆ ಕೊಲ್ಹಾಪುರದಂಥ ಕಡೆ, ಕೆರೆಯಲ್ಲಿ ಈಜು ಇರುವ ಸ್ಪರ್ಧೆ ನೋಡಿ. ಸಮುದ್ರ ಕೊನೆಗೆ. ಯಾವಾಗಲಾದರೂ ಎದೆ ಬಿಗಿಯಿತು, ದವಡೆ ಅಥವಾ ಎಡತೋಳು ನೋವು ಅನ್ನಿಸಿತು ಅಂದರೆ ಅವತ್ತೇ, ಆಗಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಅಕ್ಕ, ತರಬೇತಿ ಮಾಡುವುದು ನಾನಲ್ಲ, ನನ್ನ ಗಂಡ. ಬ್ಯಾಂಕ್ ಕೆಲಸ, ಎರಡನೇ, ನಾಲ್ಕನೇ ಶನಿವಾರ ರಜೆ. ನಾಲ್ಕಕ್ಕೆ ಎದ್ದು ಹೋಗುತ್ತಾರೆ, ಒಂಬತ್ತಕ್ಕೆ ಮಲಗುತ್ತಾರೆ. ಭಾನುವಾರ ಮಧ್ಯಾಹ್ನದವರೆಗೆ ಸೈಕಲ್, ಆಮೇಲೆ ನಿದ್ದೆ. ಮಗಳ ಲೆಕ್ಕ, ನನ್ನ ಅತ್ತೆಯ ಡಾಕ್ಟರು, ಎಲ್ಲ ನನ್ನ ತಲೆಗೆ. ಕೇಳಿದರೆ 'ಇನ್ನು ಐದೇ ತಿಂಗಳು' ಅಂತಾರೆ. ನಾನು ತಪ್ಪು ಮಾಡುತ್ತಿದ್ದೀನಾ?
(ನಿಮ್ಮ ತಂಗಿ, ಮುಲುಂಡ್)

ಇಲ್ಲಮ್ಮ, ನಿನ್ನ ತಪ್ಪು ಒಂದು ಚೂರೂ ಇಲ್ಲ. ಈ ಪತ್ರವನ್ನು ನಿನ್ನ ಗಂಡ ಓದಲಿ ಅಂತಲೇ ಇಲ್ಲಿ ಹಾಕಿದ್ದೇನೆ.

ತಮ್ಮಾ, ಕೇಳಿ. ನಾನೂ ಇದೇ ಮಾಡಿದ್ದೆ. ನನ್ನ ತರಬೇತಿಯ ನಾಲ್ಕನೇ ತಿಂಗಳು ಮಗಳ ಶಾಲೆಯ ನಾಟಕ ಇತ್ತು, ನಾನು ಬೆಳಗ್ಗೆ 80 ಕಿ.ಮೀ. ತುಳಿದು ಬಂದು ಕುರ್ಚಿಯಲ್ಲೇ ನಿದ್ದೆ ಹೋದೆ. ಅವಳು ವೇದಿಕೆಯಿಂದ ನೋಡಿದ್ದಾಳೆ. ಮನೆಗೆ ಬಂದು ಏನೂ ಅನ್ನಲಿಲ್ಲ, ಊಟ ಮಾಡಿ ಮಲಗಿದಳು. ಆ ಮೌನ ನನಗೆ ಇವತ್ತಿಗೂ ನೆನಪಿದೆ. ಮರುದಿನ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಮೊದಲು ಮನೆಯವರ ದಿನಗಳನ್ನು ಕೆಂಪಲ್ಲಿ ಬರೆದೆವು. ಹುಟ್ಟುಹಬ್ಬ, ಪರೀಕ್ಷೆ, ಗಣಪತಿ ಹಬ್ಬ, ಊರಿಗೆ ಹೋಗುವುದು. ಉಳಿದ ಜಾಗದಲ್ಲಿ ಮಾತ್ರ ನನ್ನ ತರಬೇತಿ, ಪೆನ್ಸಿಲ್‌ನಲ್ಲಿ.

ನೀವೂ ಹಾಗೇ ಮಾಡಿ. ಉದ್ದದ ಸವಾರಿ ಭಾನುವಾರದ ಬದಲು ಎರಡನೇ, ನಾಲ್ಕನೇ ಶನಿವಾರಕ್ಕೆ ಹಾಕಿ, ಬ್ಯಾಂಕ್ ರಜೆ ಇರುತ್ತದೆ ಅಂತ ನಿಮ್ಮ ಮನೆಯವರೇ ಬರೆದಿದ್ದಾರೆ. ಭಾನುವಾರ ಬೆಳಗ್ಗೆ ಒಂದು ಗಂಟೆ ಓಡಿ ಬಂದು, ಸ್ನಾನ ಮಾಡಿ, ಮಗಳ ಲೆಕ್ಕದ ಪುಸ್ತಕ ತೆಗೆಯಿರಿ. ನಿಮ್ಮ ತಾಯಿಯ ಡಾಕ್ಟರ ಹತ್ತಿರ ನೀವೇ ಹೋಗಿ. ನಿಮ್ಮ ಹೆಂಡತಿ ವಾರಕ್ಕೆ ಎರಡು ಬೆಳಗ್ಗೆ ತಮಗೆ ಬೇಕಾದ್ದು ಮಾಡಲಿ, ಆ ಎರಡು ದಿನ ಡಬ್ಬಿ ಕಟ್ಟುವುದು ನೀವು. ಇದರಿಂದ ತರಬೇತಿ ಒಂದು ಗಂಟೆ ಕಡಿಮೆಯಾಗುತ್ತದೆ. ಆಗಲಿ. ಸ್ಪರ್ಧೆಯಲ್ಲಿ ಅದರಿಂದ ಹತ್ತು ನಿಮಿಷ ತಡವಾಗಬಹುದು, ಅಷ್ಟೇ ತಾನೇ?

ನನಗೆ 24, ವಾಸ್ಕೋದಲ್ಲಿ ಕೆಲಸ. ಓಡುತ್ತೇನೆ, ಸಮುದ್ರದಲ್ಲೇ ಈಜು ಕಲಿತದ್ದು. ಆದರೆ ಸೈಕಲ್ ಅಂದರೆ ಟ್ಯಾಂಕರ್‌ಗಳ ಭಯ. ಯಾವ ಸೈಕಲ್ ತಗೊಳ್ಳಲಿ? ಪಂಕ್ಚರ್ ಆದರೆ ಯಾರಾದರೂ ಬರುತ್ತಾರಾ?
(ಓದುಗರು, ವಾಸ್ಕೋ)

ಕಡಲು ಗೊತ್ತಿದೆ ಅಂದರೆ ಅರ್ಧ ಗೆದ್ದಿದ್ದೀಯ ಮಗಳೇ. ಹಳೇ ರೋಡ್ ಬೈಕ್ (ಬಾಗಿದ ಹ್ಯಾಂಡಲ್, ತೆಳು ಟಯರಿನ ಸೈಕಲ್) ಒಂದು ಸಾಕು. ದುಬಾರಿ ಟ್ರಯಥ್ಲಾನ್ ಸೈಕಲ್ ಮೊದಲ ವರ್ಷಕ್ಕೆ ಬೇಡ. ಅಳತೆ ಸರಿ ಇರಬೇಕು, ಅದು ಮುಖ್ಯ. ಸೀಟಿನ ಎತ್ತರ ತಪ್ಪಿದರೆ 90 ಕಿ.ಮೀ. ಅಲ್ಲಿ ಮೊಣಕಾಲು ಹೇಳುತ್ತದೆ. ನೇರ ಹ್ಯಾಂಡಲ್‌ನ ಹೈಬ್ರಿಡ್ ಸೈಕಲ್ ಇದ್ದರೆ ಅದರಲ್ಲೇ ಶುರು ಮಾಡು.

ಟ್ಯಾಂಕರ್ ಭಯ ಸುಮ್ಮನೆ ಹುಟ್ಟಿದ್ದಲ್ಲ, ಅದನ್ನು ಗೌರವಿಸು. ಭಾನುವಾರ ಬೆಳಕು ಹರಿದ ತಕ್ಷಣ ಹೊರಡು, ಎಂಟಕ್ಕೆ ಮನೆ ಸೇರು, ಮುಂದೆ ಹಿಂದೆ ದೀಪ ಹಾಕು, ಹೆದ್ದಾರಿಯಲ್ಲಿ ಒಬ್ಬಳೇ ಹೋಗಬೇಡ. ಸ್ಪರ್ಧೆಯ ದಿನ ರಸ್ತೆ ಸ್ಪರ್ಧಿಗಳಿಗೇ ಬಿಟ್ಟಿರುತ್ತಾರೆ, ಆ ಭಯ ಅಲ್ಲಿ ಇರುವುದಿಲ್ಲ. ಅಲ್ಲಿ ಬೇರೆ ನಿಯಮ: ಮುಂದಿನ ಸೈಕಲ್‌ಗೆ ಅಂಟಿಕೊಂಡು ಹೋಗಬಾರದು, 12 ಮೀಟರ್ ಅಂತರ ಬೇಕು. ಸೈಕಲ್ ಮುಟ್ಟುವ ಮೊದಲೇ ಹೆಲ್ಮೆಟ್ ಪಟ್ಟಿ ಬಿಗಿದಿರಬೇಕು.

ಪಂಕ್ಚರ್‌ಗೆ ಹೊರಗಿನವರ ಸಹಾಯ ತಗೊಳ್ಳುವ ಹಾಗಿಲ್ಲ, ಗೆಳತಿ ರಸ್ತೆಬದಿ ನಿಂತಿದ್ದರೂ. ಎರಡು ಟ್ಯೂಬ್, ಟಯರ್ ಬಿಚ್ಚಲು ಎರಡು ಲಿವರ್, ಸಣ್ಣ ಪಂಪ್ ಸೀಟಿನ ಕೆಳಗಿನ ಚೀಲದಲ್ಲಿ ಇರಲಿ. ವಾರಕ್ಕೊಮ್ಮೆ ಮನೆಯಲ್ಲೇ ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ತೆಗೆದು ಹಾಕು. ಮೊದಲ ಸಲ ನನಗೆ ನಲವತ್ತು ನಿಮಿಷ ಆಗಿತ್ತು, ಉಗುರು ಕಿತ್ತುಬಂದಿತ್ತು. ಹತ್ತನೇ ಸಲ ಒಂಬತ್ತು ನಿಮಿಷ. ಬಿಚ್ಚುವ ಮೊದಲು ಚೈನನ್ನು ಚಿಕ್ಕ ಹಲ್ಲಿನ ಚಕ್ರಕ್ಕೆ ಇಳಿಸು, ಸಲೀಸಾಗಿ ಹೊರಗೆ ಬರುತ್ತೆ. ಹೊಸ ಟ್ಯೂಬ್‌ಗೆ ಸ್ವಲ್ಪ ಗಾಳಿ ಊದಿ ದುಂಡಗೆ ಮಾಡಿಕೊಂಡು ಹಾಕು, ಇಲ್ಲದಿದ್ದರೆ ಟಯರ್ ಅಂಚಿಗೆ ಸಿಕ್ಕಿ ಮತ್ತೆ ಹರಿಯುತ್ತದೆ. ಅದಕ್ಕೂ ಮುಂಚೆ ಟಯರ್ ಒಳಗೆ ಬೆರಳನ್ನು ಮೆಲ್ಲಗೆ ಒಂದು ಸುತ್ತು ಸವರಿ ನೋಡು, ಗಾಜೋ ಮುಳ್ಳೋ ಇನ್ನೂ ಅಲ್ಲೇ ಚುಚ್ಚಿಕೊಂಡಿರುತ್ತದೆ.